ಡೀಸೆಲ್ ಕಾರಿನ ಕ್ರ್ಯಾಂಕ್ ಪುಲ್ಲಿ ಮನ್ಯಾಗ ಬದ್ಲಿ ಮಾಡೂದು: ಆಕ್ಕೈತೇನ್ರಿ?

ಕೆರಿದಂಡಿ_ಉಣಕಲ್ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ 2013ರದು, ನಾಕು ಸಿಲಿಂಡರ್ ಡೀಸೆಲ್, ಇಂಜಿನ್ ಅಡ್ಡ ಕುಂತೈತಿ, ಟೈಮಿಂಗ್ ಚೈನಿಂದು. ಕಂಪನಿ ಹೆಸರು ಬರಿಯಂಗಿಲ್ಲ. ಬರದ್ರ ಅರ್ಧ ಮಂದಿ "ಆ ಗಾಡಿ ಯಾಕ ತಗೊಂಡಿ" ಅಂತ ಶುರು ಹಚ್ಕೊಂತೀರಿ, ಪುಲ್ಲಿ ವಿಷಯ ಅಲ್ಲೇ ಉಳಿತೈತಿ.

ತ್ರಾಸು ಏನಂದ್ರ, ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಕೀಂಯ್ ಅಂತ ಒದರತೈತಿ, ಬಿಸಿ ಆದಮ್ಯಾಲೆ ಕಮ್ಮಿ ಆಕ್ಕೈತಿ. ಎಸಿ ಹಚ್ಚಿದ್ರ ಮತ್ತ ಶುರು. ಸಿಗ್ನಲ್‌ನ್ಯಾಗ ನಿಂತಾಗ ಸೀಟಿನ ಬುಡಕ ನಡಗತೈತಿ. ಬೆಲ್ಟ್ ಹೋದ ವರ್ಷನ ಹೊಸಾದು ಹಾಕ್ಸೀನಿ. ಒಂದ್ ಗ್ಯಾರೇಜಿನವ್ರು "ಬೆಲ್ಟ್ ಬದ್ಲಿ ಮಾಡೂಣು" ಅಂದ್ರು, ಇನ್ನೊಬ್ರು "ಮೌಂಟಿಂಗ್ (ಇಂಜಿನ್ ಕುಂದ್ರೂ ರಬ್ಬರು) ಹೋಗೈತಿ" ಅಂದ್ರು. ನಾನ ಬಾನೆಟ್ ತಗದು ಬ್ಯಾಟ್ರಿ ಹಿಡದು ನೋಡಿದ್ರ ಕೆಳಗಿನ ದೊಡ್ಡ ಪುಲ್ಲಿ, ಅಂದ್ರ ಕ್ರ್ಯಾಂಕಿಗೆ (ಇಂಜಿನ್ನಿನ ಮುಖ್ಯ ತಿರುಗೂ ಶಾಫ್ಟಿಗೆ) ಕುಂತು ಬೆಲ್ಟ್ ತಿರುಗಿಸೂದು, ಹೊಯ್ದಾಡಿದಂಗ ಕಾಣತೈತಿ.

ಮನ್ಯಾಗ ಸಾಕೆಟ್ ಸೆಟ್ ಐತಿ, ಜಾಕ್ ಐತಿ, ರವಿವಾರ ಐತಿ. ನಾನ ಬದ್ಲಿ ಮಾಡಬಹುದೇನ್ರಿ?

ನವನಗರ_ನಾಕನೇ_ಕ್ರಾಸ್

ಬ್ಯಾಡ ದೋಸ್ತ. ಗ್ಯಾರೇಜಿಗೆ ಹಾಕು. ಆ ಬೋಲ್ಟಿನಷ್ಟು ಬಿಗಿ ಇರೂ ಬೋಲ್ಟು ಗಾಡಿಯೊಳಗ ಭಾಳ ಇಲ್ಲ. ರವಿವಾರ ಆರಾಮ ಮಲ್ಕೊ.

ಬ್ಯಾಡಗಿ_ಪಿಕಪ್ (ಹಾವೇರಿ ಜಿಲ್ಲಾ)

ಯಾಕ್ ಆಗಂಗಿಲ್ಲ? ಉದ್ದನ್ನ ಟಾಮಿ (ಸಾಕೆಟ್ ತಿರುವೂ ಹಿಡಿಕಿ) ಹಚ್ಚಿ ಚಾಸಿಗೆ ಆನಸಿ ಒಂದ್ ಸಲ ಸ್ಟಾರ್ಟರ್ ಹೊಡೀರಿ, ಬೋಲ್ಟ್ ತಾನ ಸಡ್ಲ ಆಕ್ಕೈತಿ. ಮೆಣಸಿನಕಾಯಿ ಸುಗ್ಗಿ ಟೈಮಿನ್ಯಾಗ ನಮ್ಮಂದಿ ರಸ್ತೆದ ಬಾಜೂಕ ನಿಂತು ಮಾಡಿ ಹೋಗ್ತಾರ. ಅದಕ್ಕಿಂತ ಸಸ್ತಾ ಬೇಕಂದ್ರ ರಿಂಗು ಹಬ್ಬು ಕೂಡ್ಸಿ ವೆಲ್ಡ್ ಹೊಡಸ್ರಿ, ಹೊಸಾ ಪುಲ್ಲಿನ ಬ್ಯಾಡ.

ಡಿಪೋ_ಫಿಟ್ಟರ್ (ಧಾರವಾಡ, ರಿಟೈರ್ಡ್)

ಪಿಕಪ್ ತಮ್ಮಾ, ನಿನಗ ಆಮ್ಯಾಲೆ ಬರ್ತೀನಿ. ಎರಡೂ ಮಾತಿಗೂ ಉತ್ತರ ಐತಿ.

ಉಣಕಲ್ಲಿನ ತಮ್ಮಾ, ಪುಲ್ಲಿ ಹೋಗೈತೋ ಇಲ್ಲೋ ಮದ್ಲು ಖಾತ್ರಿ ಮಾಡ್ಕೊ. ಅದು ಒಂದ ತುಂಡು ಕಬ್ಬಿಣ ಅಲ್ಲ. ಒಳಗ ಹಬ್ಬು, ಹೊರಗ ಬೆಲ್ಟ್ ಓಡೂ ರಿಂಗು, ನಡಕ ರಬ್ಬರಿನ ಪಟ್ಟಿ. ಹಬ್ಬು ಕ್ರ್ಯಾಂಕಿಗೆ ಗಟ್ಟಿ ಕುಂತಿರತೈತಿ. ರಿಂಗನ್ನ ಹಿಡದಿರೂದು ಬರೀ ಆ ರಬ್ಬರು. ಬಿಸಿಗೆ, ಸೀಲಿನಿಂದ ಸೋರೂ ಆಯಿಲ್‌ಗೆ, ವಯಸ್ಸಿಗೆ ರಬ್ಬರ್ ಸೀಳತೈತಿ. ಆವಾಗ ಹಬ್ಬು ತಿರಗತೈತಿ, ರಿಂಗು ಒಂದೀಟು ಹಿಂದ ಉಳಿತೈತಿ, ಬೆಲ್ಟು ಒದರತೈತಿ. ಮಂದಿ ಬೆಲ್ಟ್ ಮ್ಯಾಲೆ ಬೆಲ್ಟ್ ಹಾಕ್ತಾರ.

ಶಾಲಿ ಹುಡುಗರ ವೈಟ್ನರ್ ಒಂದು ತಗೊ. ಇಂಜಿನ್ ತಣ್ಣಗಿದ್ದಾಗ, ಚಾವಿ ಕಿಸೆದಾಗ ಇಟ್ಕೊಂಡು, ಹಬ್ಬಿನಿಂದ ರಬ್ಬರ್ ದಾಟಿ ರಿಂಗಿನ ತನಕ ಒಂದ ನೆಟ್ಟನ ಗೆರಿ ಎಳಿ. ಒಣಗಲಿ. ಎಸಿ ಹಚ್ಚಿ ಒಂದೆರಡು ದಿನ ಓಡ್ಸಿ ಆಮ್ಯಾಲೆ ನೋಡು. ಗೆರಿ ಹಂಗ ಇದ್ರ ರಬ್ಬರ್ ಜಾರಿಲ್ಲ, ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯೂ ಭಾಗ) ಕಡೆ ನೋಡು. ಗೆರಿ ಕಡದು ಒಂದ್ ತುಂಡು ಹಬ್ಬಿನ ಮ್ಯಾಲೆ, ಒಂದ್ ತುಂಡು ರಿಂಗಿನ ಮ್ಯಾಲೆ ಬ್ಯಾರೆ ಕಡೆ ಹೋಗಿದ್ರ ಪುಲ್ಲಿ ಮುಗೀತು.

ಹೊಯ್ದಾಡೂದು ನೋಡಬೇಕಂದ್ರ ಇಂಜಿನ್ ಐಡಲ್ ಇದ್ದಾಗ ಮೊಬೈಲಿನ್ಯಾಗ ಸ್ಲೋ ಮೋಷನ್ ವಿಡಿಯೋ ಹಿಡಿ, ದೂರಿಂದ. ಟವೆಲ್ಲು, ಸಡ್ಲ ತೋಳಿನ ಅಂಗಿ, ಕೊಳ್ಳಾಗಿನ ಸರ ಯಾವುದೂ ಹತ್ರ ಒಯ್ಯಬ್ಯಾಡ.

ಬೆಲ್ಟ್ ತಗದಾಗ ಆಲ್ಟರ್ನೇಟರ್ ಪುಲ್ಲೀನೂ ಕೈಲೆ ತಿರುವಿ ನೋಡು. ಭಾಳ ಡೀಸೆಲ್ ಗಾಡಿಗೆ ಅಲ್ಲಿ ಫ್ರೀ-ವ್ಹೀಲ್ ಪುಲ್ಲಿ ಇರತೈತಿ, ಒಂದ್ ಕಡೆ ಸಲೀಸು ತಿರಗತೈತಿ, ಇನ್ನೊಂದ್ ಕಡೆ ರೋಟರ್ ಹಿಡ್ಕೊಂತೈತಿ. ಎರಡೂ ಕಡೆ ಹಿಡ್ಕೊಂಡ್ರ ಅದು ಜಾಮ್ ಆಗೈತಿ. ಆ ಪೆಟ್ಟು ಎಲ್ಲಾ ಬೆಲ್ಟಿಗೆ, ಟೆನ್ಷನರಿಗೆ ಬೀಳತೈತಿ. ಅದನ್ನ ಬಿಟ್ಟು ಬರೀ ಕೆಳಗಿನ ಪುಲ್ಲಿ ಹಾಕಿದ್ರ ಮುಂದಿನ ವರ್ಷ ಇಲ್ಲೇ ಬಂದು ಮತ್ತ ಬರೀತಿ.

ಎರಿಹೊಲ_ಗದಗ

ಕಾಕಾರ, ನಮ್ಮ ಟ್ರ್ಯಾಕ್ಟರಿನ ಬೆಲ್ಟೂ ಒದರಾಕತ್ತೈತಿ. ಅದಕ್ಕೂ ಇದ ಗೆರಿ ಹಾಕ್ಲೇನ್ರಿ?

ಡಿಪೋ_ಫಿಟ್ಟರ್

ರಬ್ಬರ್ ಐತೋ ಇಲ್ಲೋ ಮದ್ಲು ನೋಡಪಾ. ಇಲ್ಲಾಂದ್ರ ಗೆರಿ ಎಳದು ಏನ್ ಮಾಡ್ತಿ.

ಕರಿಹಲಗಿ_ಧಾರವಾಡ

ಫಿಟ್ಟರ್ ಕಾಕಾ ಹೇಳಿದ್ದಕ್ಕ ಒಂದು ಮಾತು ಸೇರಿಸ್ತೀನಿ. ಪಾಲಿಟೆಕ್ನಿಕ್ಕಿನೊಳಗ ಮೆಕ್ಯಾನಿಕಲ್ ಹುಡುಗರಿಗೆ ಕಲಿಸ್ತೀನಿ, ಈ ಪುಲ್ಲಿ ಯಾಕ ಹಿಂಗ ಮಾಡ್ತಾರ ಅಂತ ವರ್ಷಾ ಒಬ್ಬರರ ಕೇಳೇ ಕೇಳ್ತಾರ.

ನಾಕು ಸಿಲಿಂಡರಿನ ಫೋರ್-ಸ್ಟ್ರೋಕ್ ಇಂಜಿನ್ನಿನೊಳಗ ಕ್ರ್ಯಾಂಕ್ ಒಂದು ಸುತ್ತು ತಿರುಗೂದ್ರಾಗ ಎರಡು ಸಲ ಉರಿ ಬೀಳ್ತದ. ಐಡಲ್ 800 ಆರ್‌ಪಿಎಂ ಹಿಡೀರಿ, ನಿಮಿಷಕ್ಕ 1600 ಪೆಟ್ಟು, ಸೆಕೆಂಡಿಗೆ ಸುಮಾರು 27. ಡೀಸೆಲ್ ಇಂಜಿನ್ನಿನ ಕಂಪ್ರೆಷನ್ ಪೆಟ್ರೋಲಿನದಕ್ಕಿಂತ ಭಾಳ ಜಾಸ್ತಿ, ಹಿಂಗಾಗಿ ಪೆಟ್ಟೂ ದೊಡ್ಡದು. ಪ್ರತಿ ಪೆಟ್ಟಿಗೂ ಕ್ರ್ಯಾಂಕು ಒದ್ದಿ ಅರಿವಿ ಹಿಂಡಿದಂಗ ಒಂದೀಟು ತಿರುಚಿಕೊಂಡು ವಾಪಸ್ ಬರ್ತದ. ಕಣ್ಣಿಗೆ ಕಾಣೂದಿಲ್ಲ, ಆದ್ರ ಆಗ್ತದ. ಎಲ್ಲಾ ಲೋಹದ ತುಂಡಿಗೂ ತನ್ನದೊಂದು ಕಂಪನದ ಲಯ ಇರ್ತದ. ಯಾವುದೋ ಒಂದು ಆರ್‌ಪಿಎಂದಾಗ ಉರಿಯ ಪೆಟ್ಟು ಆ ಲಯಕ್ಕ ಸರಿಯಾಗಿ ಕೂಡಿತಂದ್ರ ತಿರುಚೂದು ಬೆಳಕೋತ ಹೋಗ್ತದ. ಆವಾಗ ಹೊರಗಿನ ಭಾರದ ರಿಂಗು ತನ್ನ ಲಯದಾಗ ಹಿಂದ ಉಳಿದು, ನಡುವಿನ ರಬ್ಬರು ಆ ಕಂಪನ ತಿಂದು ಬಿಸಿಯಾಗಿ ಹೊರಗ ಹಾಕ್ತದ. ಇದು ಹೊಸಾ ವಿಚಾರ ಅಲ್ಲ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರ ಸುಮಾರಿಗೇ ಕ್ರ್ಯಾಂಕಿನ ಡ್ಯಾಂಪರ್‌ಗೆ (ಹಿಂಗ ಕಂಪನ ತಿನ್ನೂ ಭಾಗಕ್ಕ) ಪೇಟೆಂಟ್ ತಗೊಂಡಿದ್ದರು.

ಅಂದ್ರ ಬೆಲ್ಟ್ ತಿರುಗಿಸೂದು ಆ ಪುಲ್ಲಿಯ ಅರ್ಧ ಕೆಲಸ ಅಷ್ಟ. ವೆಲ್ಡ್ ಹೊಡದ್ರ ಅದು ಉಳಿತದ, ಇನ್ನರ್ಧ ಹೋಗ್ತದ.

ಬ್ಯಾಡಗಿ_ಪಿಕಪ್

ಅಕ್ಕಾರ, ಪುಸ್ತಕದ ಮಾತು ಖರೇ ಇರಬಹುದು. ನಮ್ಮ ಮಾವನ ಗಾಡಿ ವೆಲ್ಡ್ ಹೊಡಸಿದ ಪುಲ್ಲಿ ಮ್ಯಾಲೆ ಬ್ಯಾಡಗಿ ಮಾರ್ಕೆಟ್ಟಿಗೆ ಲೋಡ್ ಹಾಕ್ಕೊಂಡು ಓಡಾಕತ್ತೈತಿ. ಏನೂ ಆಗಿಲ್ಲ.

ಡಿಪೋ_ಫಿಟ್ಟರ್

ಆಗಿದ್ರ ನೀ ಇಲ್ಲಿ ಬರೀತಿದ್ದಿಲ್ಲ, ಕ್ರ್ಯಾಂಕ್ ಹುಡುಕ್ಕೊಂತ ಗುಜರಿ ಅಂಗಡಿ ಅಡ್ಡಾಡ್ತಿದ್ದಿ.

ಸಿಟ್ಟಾಗಬ್ಯಾಡ. ಕ್ರ್ಯಾಂಕ್ ಮದಲನೇ ದಿನ ಮುರಿಯಂಗಿಲ್ಲ. ದಿನಾ ತಿರಚಿ ತಿರಚಿ ಒಂದ್ ಕೂದಲೆಳಿಯಷ್ಟು ಬಿರುಕು ಬೀಳತೈತಿ, ಅದು ಒಳಗ ನಡಕೋತ ಹೋಗತೈತಿ. ಅದಕ್ಕೂ ಮದ್ಲ ಸೂಚನಾ ಕೊಡೂದು ಬೋಲ್ಟು ಮತ್ತ ಕೀ (ಪುಲ್ಲಿ ಕ್ರ್ಯಾಂಕಿನ ಮ್ಯಾಲೆ ಜಾರದಂಗ ಹಿಡಿಯೂ ಸಣ್ಣ ಲೋಹದ ತುಂಡು). ಪುಲ್ಲಿ ನಡುಗಿ ನಡುಗಿ ಕೀ ಕುಂದ್ರೂ ತಗ್ಗು ಅಗಲ ಆಕ್ಕೈತಿ, ಹಬ್ಬಿನ ಬೋರಿನ್ಯಾಗ ಕೆಂಪು ಪುಡಿ ಕಾಣತೈತಿ. ನೀರಿನಿಂದ ಬಂದ ತುಕ್ಕಲ್ಲ ಅದು, ಲೋಹ ಲೋಹಕ್ಕ ತಿಕ್ಕಿ ಉದರಿದ ಪುಡಿ. ಮಾವನ ಗಾಡಿ ಮುಂದಿನ ಸಲ ಬಿಚ್ಚಿದಾಗ ಆ ಪುಡಿ ಐತೋ ಇಲ್ಲೋ ನೋಡಂತ ಹೇಳು. ವೆಲ್ಡಿಂದ ಬ್ಯಾಲೆನ್ಸೂ ಹೋಗಿರತೈತಿ.

ದೊಡ್ಡ ಗಾಡಿ ಇಂಜಿನ್ನಿಗೆ ರಬ್ಬರ್ ಬದ್ಲಿ ಸಿಲಿಕೋನ್ ಎಣ್ಣಿ ತುಂಬಿದ ಡಬ್ಬಿ ಇರತೈತಿ, ಒಳಗ ಭಾರದ ರಿಂಗು ಆ ಗಟ್ಟಿ ಎಣ್ಣ್ಯಾಗ ತೇಲತೈತಿ. ಅದಕ್ಕ ಹೊಸಾ ಹುಡುಗೂರು ಸುತ್ತಿಗಿ ಹಚ್ಚಬಾರ್ದಂತ ನಾವು ಕಾವಲು ಕಾಯ್ತಿದ್ವಿ. ಡಬ್ಬಿಗೆ ಸಣ್ಣ ತಗ್ಗು ಬಿದ್ರೂ ಒಳಗಿನ ರಿಂಗು ಹಿಡ್ಕೊಂತೈತಿ, ಆಮ್ಯಾಲೆ ಅದು ಬರೀ ತೂಕ.

ಕೆರಿದಂಡಿ_ಉಣಕಲ್

ಗೆರಿ ಎಳದಿದ್ದೆ ಕಾಕಾರ. ಇವತ್ತ ನೋಡಿದೆ. ಹಬ್ಬಿನ ಮ್ಯಾಲಿನ ತುಂಡು ಮ್ಯಾಲೆ ಐತಿ, ರಿಂಗಿನ ಮ್ಯಾಲಿಂದು ಗಡಿಯಾರದ ನಾಕರ ಜಾಗಾಕ್ಕ ಹೋಗಿ ಕುಂತೈತಿ. ರಬ್ಬರಿನ ಅಂಚಿನ್ಯಾಗ ಬಳಪದ ಪುಡಿಯಂಥಾ ಕರೇ ಪುಡಿ. ಫೋಟೋ ಹಾಕೀನಿ.

ಸ್ಪೇರ್ ಅಂಗಡಿಗೆ ಹೋಗಿದ್ದೆ. ಮದ್ಲು ಕೊಟ್ಟದ್ದು ಐದು ಗೆರಿ (ಬೆಲ್ಟ್ ಕುಂದ್ರೂ ಸಾಲು) ಪುಲ್ಲಿ, ನಮ್ಮ ಬೆಲ್ಟ್ ಆರು ಗೆರೀದು. "ನಡೀತೈತಿ ತಗೊಳ್ರಿ" ಅಂದ್ರು. ತಗೊಂಡಿಲ್ಲ.

ಡಿಪೋ_ಫಿಟ್ಟರ್

ಚಲೋ ಮಾಡಿದಿ. ಬೆಲ್ಟಿನ ಬೆನ್ನ ಮ್ಯಾಲೆ 6ಪಿಕೆ ಅಂತ ಇದ್ರ ಆರು ಗೆರಿ, ಅದರ ಮುಂದಿನ ಅಂಕಿ ಉದ್ದ, ಮಿಲಿಮೀಟರಿನ್ಯಾಗ. ಪುಲ್ಲಿ ತಗೊಳಾಗ ಇಂಜಿನ್ ನಂಬರ್ ಮ್ಯಾಲೆ ಪಾರ್ಟ್ ನಂಬರ್ ತಗಸು. ಹಳೇದು ಕೈಯಾಗ ಬಂದಮ್ಯಾಲೆ ಎರಡೂ ಬಾಜೂ ಬಾಜೂ ಇಟ್ಟು ನೋಡು: ವ್ಯಾಸ, ಹಬ್ಬಿನ ಆಳ, ಕೀ ಜಾಗಾ, ತೂಕ. ಹಬ್ಬಿನ ಆಳ ಒಂದೆರಡು ಮಿಲಿಮೀಟರ್ ಫರಕ್ ಆದ್ರ ಬೆಲ್ಟ್ ಸೊಟ್ಟ ಓಡತೈತಿ. ತೂಕ ಎದ್ದು ಕಾಣೂವಷ್ಟು ಕಮ್ಮಿ ಇದ್ರ ವಾಪಸ್ ಕೊಡು, ಹೊರಗಿನ ರಿಂಗಿನ ಭಾರಾನ ಅದರ ಕೆಲಸ. ಬೋಲ್ಟೂ ಹೊಸಾದ ತಗೊ.

ಈಗ ಪಿಕಪ್ ತಮ್ಮನ ಸ್ಟಾರ್ಟರ್ ಮಾತಿಗೆ ಬರೂಣು. ಅದಕ್ಕಿಂತ ಮದ್ಲು ನೀ ಮೂರು ಪ್ರಶ್ನೆಕ್ಕ ಉತ್ತರ ಹುಡುಕು, ನಿನ್ನ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ಲಿನ್ಯಾಗ. ಯೂಟ್ಯೂಬಿನ್ಯಾಗ ಅಲ್ಲ.

ಪುಲ್ಲಿ ನಡುವಿನ ಒಂದ ದೊಡ್ಡ ಬೋಲ್ಟಿಗೆ ನಿಂತೈತೋ, ಸುತ್ತಲಿನ ಸಣ್ಣ ನಾಕು ಬೋಲ್ಟಿಗೆ ನಿಂತೈತೋ? ಸಣ್ಣವು ಇದ್ರ ನಡುವಿನದನ್ನ ಮುಟ್ಟೂದ ಬ್ಯಾಡ, ಅರ್ಧ ತಾಸಿನ ಕೆಲಸ. ನಡುವಿನದು ಇದ್ರ, ಚೂಡಿ (ಬೋಲ್ಟಿನ ಥ್ರೆಡ್) ಸೀದಾನೋ ಉಲ್ಟಾನೋ? ಮೂರನೇದು, ಆ ಬೋಲ್ಟು ಬರೇ ಪುಲ್ಲಿ ಹಿಡದೈತೋ, ಅದರ ಹಿಂದಿನ ಟೈಮಿಂಗ್ ಗೇರನ್ನೂ (ವಾಲ್ವು ಪಿಸ್ಟನ್ನಿನ ತಾಳ ಕೂಡ್ಸೂ ಗೇರು) ಹಿಡದೈತೋ? ಕೆಲವು ಇಂಜಿನ್ನಿನ್ಯಾಗ ಆ ಗೇರಿಗೆ ಕೀನ ಇರಂಗಿಲ್ಲ, ಬೋಲ್ಟಿನ ಬಿಗಿ ಮ್ಯಾಲೆ ನಿಂತಿರತೈತಿ. ಅಂಥಾದ್ರಾಗ ಲಾಕ್ ಪಿನ್ ಹಾಕದ ಬೋಲ್ಟ್ ಸಡ್ಲ ಮಾಡಿದಿ ಅಂದ್ರ ಟೈಮಿಂಗ್ ಸರಿದು ವಾಲ್ವು ಪಿಸ್ಟನ್ನಿಗೆ ಬಡೀತೈತಿ. ಅಂಥಾ ಇಂಜಿನ್ ಇದ್ರ ನವನಗರದಾಂವ ಹೇಳಿದ್ದ ಖರೆ, ಮನ್ಯಾಗ ಮಾಡಬ್ಯಾಡ.

ನವನಗರ_ನಾಕನೇ_ಕ್ರಾಸ್

ಕಡೀಕರ ಒಬ್ರು ನನ್ನ ಮಾತು ಖರೆ ಅಂದ್ರು.

ಕೆರಿದಂಡಿ_ಉಣಕಲ್

ಮ್ಯಾನ್ಯುಯಲ್ ಸಿಕ್ತು. ನಡುವ ಒಂದ ಬೋಲ್ಟು. ಹಿಂದಿನ ಚೈನ್ ಗೇರಿಗೆ ಕೀ ಐತಿ, ಹಿಂಗಾಗಿ ಪುಲ್ಲಿ ತಗದ್ರ ಟೈಮಿಂಗ್ ಸರಿಯಂಗಿಲ್ಲ ಅಂತ ಐತಿ. ಆದ್ರ ಚೂಡಿ ಉಲ್ಟಾ! ಬಿಚ್ಚಬೇಕಂದ್ರ ಗಡಿಯಾರದ ಕಡೆ ತಿರುವಬೇಕು.

ಡಿಪೋ_ಫಿಟ್ಟರ್

ಹಾಂ. ಪಿಕಪ್ ತಮ್ಮಾ, ಈಗ ಕೇಳು.

ಎದುರು ನಿಂತು ನೋಡಿದ್ರ ಹೆಚ್ಚು ಕಡಿಮಿ ಎಲ್ಲಾ ಇಂಜಿನ್ನೂ ಗಡಿಯಾರದ ಕಡೆ ತಿರಗತಾವ. ಟಾಮಿ ಚಾಸಿಗೆ ಆನಸಿ ಸ್ಟಾರ್ಟರ್ ಹೊಡದ್ರ ಬೋಲ್ಟಿನ ತಲಿ ನಿಂತಿರತೈತಿ, ಕ್ರ್ಯಾಂಕ್ ಗಡಿಯಾರದ ಕಡೆ ಹೋಗತೈತಿ. ಕ್ರ್ಯಾಂಕಿನ ಲೆಕ್ಕದಾಗ ನೋಡಿದ್ರ ಬೋಲ್ಟು ಉಲ್ಟಾ ತಿರುಗಿದಂಗ. ಸೀದಾ ಚೂಡಿ ಇದ್ರ ಸಡ್ಲ ಆಕ್ಕೈತಿ, ನಿಮ್ಮ ಕಡೆ ಅದಕ್ಕ ನಡದೈತಿ. ಈ ಹುಡುಗನ ಗಾಡಿ ಉಲ್ಟಾ ಚೂಡೀದು. ಇದಕ್ಕ ಸ್ಟಾರ್ಟರ್ ಹೊಡದ್ರ ಬೋಲ್ಟು ಇನ್ನೂ ಬಿಗಿ ಆಕ್ಕೈತಿ. ಒಂದಾ ಬೋಲ್ಟ್ ಕತ್ತರಿಸತೈತಿ, ಇಲ್ಲಾ ಟಾಮಿ ಹಾರಿ ಎದುರಿದ್ದವನ ಮಾರಿಗೆ ಬಡೀತೈತಿ.

ಸೀದಾ ಚೂಡಿ ಇದ್ರೂ ನಾ ಅದನ್ನ ಮಾಡಂತ ಹೇಳಂಗಿಲ್ಲ. ಸಾಕೆಟ್ ಜಾರಿದ್ರ ಅದು ಎಲ್ಲಿ ಹೋಗಿ ಬೀಳತೈತಿ ಯಾರಿಗೂ ಗೊತ್ತಿಲ್ಲ.

ಬ್ಯಾಡಗಿ_ಪಿಕಪ್

ಅಬಾಬಾ. ಕಾಕಾರ, ಇದನ್ನ ನಮ್ಮ ಗ್ರೂಪಿಗೆ ಕಳಸಾಕತ್ತೀನಿ.

ಕೆರಿದಂಡಿ_ಉಣಕಲ್

ಮತ್ತ ಕ್ರ್ಯಾಂಕ್ ತಿರುಗದಂಗ ಹ್ಯಾಂಗ ಹಿಡೀಬೇಕ್ರಿ? ಐದನೇ ಗೇರ್ ಹಾಕಿ ಒಬ್ರು ಬ್ರೇಕ್ ಒತ್ತಿದ್ರ ಸಾಕು ಅಂತ ಒಂದ್ ವಿಡಿಯೋದಾಗ ಐತಿ.

ಡಿಪೋ_ಫಿಟ್ಟರ್

ಸಾಕಾಕ್ಕೈತಿ, ಆದ್ರ ವಿಡಿಯೋದಾಂವ ಒಂದು ಹೇಳಿರಂಗಿಲ್ಲ. ನಿನ್ನ ಪುಲ್ಲಿ ಡ್ರೈವರ್ ಕಡೆ ಐತಿ, ಅಂದ್ರ ಮುಂದಿನ ಬಲಗಾಲಿ ಬಿಚ್ಚಬೇಕು. ಗಾಲಿ ಬಿಚ್ಚಿದ್ರ ಡಿಸ್ಕನ್ನ ಗಾಲಿ ಹಬ್ಬಿಗೆ ಒತ್ತಿ ಹಿಡಿಯೂ ನಟ್ಟೂ ಹೋದ್ವು. ಕ್ಯಾಲಿಪರ್ ಡಿಸ್ಕ್ ಹಿಡೀತೈತಿ, ಆದ್ರ ಹಬ್ಬು ಅದರೊಳಗ ಜಾರಬಹುದು. ಒಂದ್ ಕಡೆ ಜಾರಿತಂದ್ರ ಡಿಫರೆನ್ಷಿಯಲ್ ತಿರುಗೂದನ್ನೆಲ್ಲಾ ಆ ಕಡೇನ ಕಳಸತೈತಿ, ನೀ ಟಾಮಿ ಎಳಕೋತ ಇಂಜಿನ್ ತಿರುಗಿಸ್ಕೊಂತ ಕುಂತಿರ್ತಿ. ಅದಕ್ಕ ಗಾಲಿ ಬಿಚ್ಚಿದಮ್ಯಾಲೆ ನಟ್ಟುಗಳನ್ನ ದಪ್ಪ ವಾಷರ್ ಕೂಡ ವಾಪಸ್ ಹಚ್ಚಿ ಡಿಸ್ಕ್ ಬಿಗಿ ಮಾಡು. ಎಡಗಾಲಿ ನೆಲದ ಮ್ಯಾಲೇ ಇರಲಿ.

ಅದಕ್ಕಿಂತ ಚಲೋ ಅಂದ್ರ ಫ್ಲೈವ್ಹೀಲ್ (ಕ್ರ್ಯಾಂಕಿನ ಇನ್ನೊಂದ್ ತುದಿದ ಭಾರದ ಗಾಲಿ) ಲಾಕ್. ಬೆಲ್ ಹೌಸಿಂಗಿನ ಕಿಟಕಿಯೊಳಗಿಂದ ರಿಂಗ್ ಗೇರಿನ ಹಲ್ಲಿಗೆ ಕೂಡೂ ಟೂಲು ಬರತೈತಿ. ಸ್ಕ್ರೂಡ್ರೈವರ್ ತುರಕಬ್ಯಾಡ, ಹಲ್ಲು ಮುರೀತಾವ.

ಜಾಕ್ ಮ್ಯಾಲೆ ಅಷ್ಟ ಗಾಡಿ ನಿಂದ್ರಿಸಿ ಕೆಳಗ ಹೋಗಬ್ಯಾಡ. ಸ್ಟ್ಯಾಂಡ್ ಹಾಕು, ಹಿಂದಿನ ಗಾಲಿಗೆ ಕಲ್ಲು ಕೊಡು. ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಒಂದ್ ಪೆಟ್ಟಿಗೆ ಪುಡಿ ಆಕ್ಕೈತಿ. ಬ್ಯಾಟ್ರಿ ನೆಗೆಟಿವ್ ತಗಿ.

ಎರಿಹೊಲ_ಗದಗ

ಎರಿ ಮಣ್ಣಾಗ ಜಾಕ್ ಹಚ್ಚೂ ಮುಂದ ಕೆಳಗ ಅಗಲನ್ನ ಹಲಗಿ ಹಾಕ್ರಿಪಾ. ಮಳಿ ಆಗಿದ್ರಂತೂ ಗಾಡಿ ಮ್ಯಾಲೆ ಏರಂಗಿಲ್ಲ, ಜಾಕ ಕೆಳಗ ಇಳಿತೈತಿ.

ನವನಗರ_ನಾಕನೇ_ಕ್ರಾಸ್

ಇಂಪ್ಯಾಕ್ಟ್ ಗನ್ ಇದ್ರ ಇದ್ಯಾವುದೂ ಬೇಕಾಗಂಗಿಲ್ಲ. ಟರ್ರ್ ಅಂದ್ರ ಮುಗೀತು. ಬಾಡಿಗಿಗೂ ಸಿಗತೈತಿ.

ಡಿಪೋ_ಫಿಟ್ಟರ್

ಬಿಚ್ಚಾಕ ಬೇಕಂದ್ರ ಹಚ್ಚು. ಬಿಗಿ ಮಾಡಾಕ ಗನ್ ಮುಟ್ಟಬ್ಯಾಡ.

ಮಂದಿ ಎಲ್ಲಾ ಬಿಚ್ಚೂದರ ಬಗ್ಗೆ ಕೇಳ್ತಾರ. ಈ ಕೆಲಸ ಕೆಡೂದು ಬಿಗಿ ಮಾಡೂ ಮುಂದ. ಬಿಗಿ ಕಮ್ಮಿ ಆದ್ರ ಪುಲ್ಲಿ ಅಲುಗಾಡಿ ಕೀ ತಿಂತೈತಿ, ಕ್ರ್ಯಾಂಕಿನ ಮೂಗು (ಪುಲ್ಲಿ ಕುಂದ್ರೂ ತುದಿ) ಹಾಳಾಕ್ಕೈತಿ. ಜಾಸ್ತಿ ಆದ್ರ ಬೋಲ್ಟು ಒಳಗ ಮುರದು ಉಳೀತೈತಿ. "ಕೈ ಅಂದಾಜು" ಅಂತಾರಲ್ಲ, ಆ ಅಂದಾಜಿನ ಲೆಕ್ಕ ನೋಡು: 70 ಕೆಜಿ ಮನಷ್ಯಾ ಒಂದು ಮೀಟರ್ ಪೈಪಿನ ತುದಿಗೆ ನಿಂತ್ರ ಸುಮಾರು 685 ನ್ಯೂಟನ್ ಮೀಟರ್, ಅರ್ಧ ಮೀಟರಿಗೆ ನಿಂತ್ರ ಅದರ ಅರ್ಧ. ಪೈಪ್ ಎಲ್ಲಿ ಹಿಡದಿ ಅನ್ನೂದರ ಮ್ಯಾಲೆ ಅಷ್ಟು ಫರಕ್.

ಮ್ಯಾನ್ಯುಯಲ್ಲಿನ್ಯಾಗ ಏನಂತ ಐತಿ? ಬರೇ ಟಾರ್ಕೋ (ತಿರುವೂ ಬಲ), ಟಾರ್ಕ್ ಮತ್ತ ಡಿಗ್ರಿನೋ?

ಕೆರಿದಂಡಿ_ಉಣಕಲ್

ಮದ್ಲು ಟಾರ್ಕು, ಆಮ್ಯಾಲೆ 90 ಡಿಗ್ರಿ. ಬೋಲ್ಟ್ ಒಂದ ಸಲ ಬಳಸೂದು ಅಂತ ಐತಿ. ಅಂಕಿ ಇಲ್ಲಿ ಹಾಕ್ಲೇನ್ರಿ?

ಡಿಪೋ_ಫಿಟ್ಟರ್

ಹಾಕಬ್ಯಾಡ. ನಾಳೆ ಬ್ಯಾರೆ ಗಾಡಿಯಾಂವ ಓದಿ ತನ್ನದಕ್ಕ ಅದನ್ನ ಹಚ್ಚತಾನ.

90 ಡಿಗ್ರಿ ಅಂದ್ರ ಆರು ಮೂಲಿ ಬೋಲ್ಟಿಗೆ ಒಂದೂವರೆ ಮುಖ, ಒಂದ್ ಮುಖ 60 ಡಿಗ್ರಿ. ಸಾಕೆಟ್ ಮ್ಯಾಲೆ ವೈಟ್ನರ್ ಚುಕ್ಕಿ ಇಡು, ಪುಲ್ಲಿ ಮ್ಯಾಲೆ ಅದರ ಎದುರು ಒಂದು, ಕಾಲು ಸುತ್ತು ಮುಂದ ಇನ್ನೊಂದು. ಚುಕ್ಕಿ ಅಲ್ಲಿಗೆ ಬರೂ ತನಕ ಎಳಿ, ಒಂದ ಎಳತದಾಗ ಬಂದ್ರ ಚಲೋ. ಉಲ್ಟಾ ಚೂಡಿ, ಕಾಲು ಸುತ್ತು ಎಡಕ್ಕ ಅನ್ನೂದು ನೆನಪಿರಲಿ. ಈ ನಮೂನಿ ಬೋಲ್ಟು ಬಿಗಿ ಮಾಡೂ ಮುಂದ ಒಂದೀಟು ಹಿಗ್ಗತಾವ, ಅದಕ್ಕ ಹಳೇದು ವಾಪಸ್ ಹಾಕೂ ಹಂಗಿಲ್ಲ.

ಕರಿಹಲಗಿ_ಧಾರವಾಡ

ಒಂದು ಮುಖ್ಯ ವಿಷಯ. ಟಾರ್ಕ್ ರೆಂಚ್ ಯಾರ ಕಡಿಂದಾದ್ರೂ ತರೂ ಮುಂದ ಅದು ಎರಡೂ ಕಡೆ ಅಳೀತದೇನು ಕೇಳ್ರಿ. "ಕಟ್" ಅನ್ನೂ ಜಾತಿಯ ರೆಂಚುಗಳಾಗ ಭಾಳಷ್ಟು ಗಡಿಯಾರದ ಕಡೆಗಷ್ಟ ಅಳೀತಾವ. ರ‍್ಯಾಚೆಟ್ ಎಡಕ್ಕ ತಿರುಗ್ತದ, ಆದ್ರ ಕಟ್ ಅನ್ನೂದ ಇಲ್ಲ. ಉಲ್ಟಾ ಚೂಡಿಗೆ ಅದನ್ನ ಹಚ್ಚಿ, ಸಪ್ಪಳ ಬರ್ಲಿ ಅಂತ ಎಳೀತಾ ಹೋದ್ರ ಹೊಸಾ ಬೋಲ್ಟ್ ಅಲ್ಲೇ ಕೈಗೆ ಬರ್ತದ.

ಡಿಪೋ_ಫಿಟ್ಟರ್

ಅಕ್ಕಾರ, ಇದು ಲಾಖ ರೂಪಾಯಿ ಮಾತು ಹೇಳಿದ್ರಿ. ನನ್ನ ಹಂತ್ಯಾಕ ಎರಡೂ ಕಡೇದು ಐತಿ. ತಮ್ಮಾ, ಧಾರವಾಡಕ್ಕ ಬಂದು ಒಯ್ಯಿ. ವಾಪಸ್ ಕೊಡೂ ಮುಂದ ಸ್ಪ್ರಿಂಗ್ ಪೂರ್ತಿ ಸಡ್ಲ ಮಾಡಿ ಕೊಡು, ಇಷ್ಟ ಬಾಡಿಗಿ.

ಕೆರಿದಂಡಿ_ಉಣಕಲ್

ಮುಗೀತು. ಉದ್ದ ಬರೀತೀನಿ, ಮುಂದ ಯಾರಿಗರ ಉಪಯೋಗ ಬೀಳತೈತಿ.

ಗಾಲಿ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತಗಡು ತಗದ್ರ ಪುಲ್ಲಿ ಸೀದಾ ಎದುರಿಗೆ ಕಾಣತೈತಿ. ಆ ತಗಡಿನ ಕ್ಲಿಪ್ಪು ಅರ್ಧ ಮುರದ್ವು, ಮದ್ಲ ಹೊಸಾವು ತಂದಿಟ್ಕೊಳ್ರಿ. ಬೆಲ್ಟ್ ತಗಿಯೂ ಮದ್ಲು ಅದು ಹೋಗಿದ್ದ ದಾರಿ ಫೋಟೋ ತಗೊಂಡೆ. ಟೆನ್ಷನರ್ ಬೇರಿಂಗ್ ಕೈಲೆ ತಿರುವಿದ್ರ ಖರಖರ ಇಲ್ಲ. ಆಲ್ಟರ್ನೇಟರ್ ಪುಲ್ಲಿ ಕಾಕಾ ಹೇಳಿದಂಗ ಒಂದ್ ಕಡೆ ಸಲೀಸು ತಿರಗತು, ಇನ್ನೊಂದ್ ಕಡೆ ಹಿಡ್ಕೊಂತು. ಬಚಾವ್.

ತಮ್ಮ ಬ್ರೇಕ್ ಒತ್ತಿ ಕುಂತ, ಐದನೇ ಗೇರು, ನಟ್ಟು ವಾಷರ್ ಹಾಕಿ ಡಿಸ್ಕ್ ಬಿಗಿ ಮಾಡಿದ್ದೆ. ಸಾಕೆಟ್ ಬೋಲ್ಟಿನ ತಲಿ ಮ್ಯಾಲೆ ಪೂರ್ತಿ ಕುಂತೈತಿ ಅಂತ ಬೆರಳಿಲೆ ಮುಟ್ಟಿ ನೋಡಿ ಟಾಮಿಗೆ ಪೈಪ್ ಹಚ್ಚಿ ಗಡಿಯಾರದ ಕಡೆ ಎಳದೆ. ಮದ್ಲು ಪೈಪ ಬಾಗತೈತಿ ಅನಸ್ತು, ಆಮ್ಯಾಲೆ ಫಟ್ ಅಂತ ಒಂದು ಸಪ್ಪಳ. ಬೋಲ್ಟ್ ಮುರೀತು ಅಂತ ತಮ್ಮ ಗಾಡಿಯಿಂದ ಹಾರಿ ಇಳದ. ಮುರದಿದ್ದಿಲ್ಲ, ಸಡ್ಲ ಆಗಿತ್ತು.

ಪುಲ್ಲಿ ಕೈಲೆ ಬರ್ಲಿಲ್ಲ. ಹಬ್ಬಿನ್ಯಾಗ ಚೂಡಿ ಇರೂ ಎರಡು ತೂತು ಅದಾವ, ಅದಕ್ಕ ಬೋಲ್ಟ್ ಹಾಕಿ ಪುಲ್ಲರ್‌ಲೆ ಸಾವಕಾಶ ಎಳದೆ. ಹೊರಗಿನ ರಿಂಗಿಗೆ ಮೂರು ಕಾಲಿನ ಪುಲ್ಲರ್ ಹಚ್ಚಿದ್ರ ರಿಂಗ್ ಅಷ್ಟ ಕೈಗೆ ಬರತಿತ್ತು. ತಗದಮ್ಯಾಲೆ ನೋಡಿದ್ರ ರಿಂಗು ಬೆರಳಿಲೆ ತಿರಗತೈತಿ, ರಬ್ಬರು ಒಂದ್ ಕಡೆ ಪೂರಾ ಬಿಟ್ಟು ನಾಲಿಗಿಯಂಗ ಹೊರಗ ಬಂದೈತಿ. ಕೀ ಚಲೋ ಐತಿ, ಕೆಂಪು ಪುಡಿ ಇಲ್ಲ.

ಒಂದು ಪ್ರಶ್ನೆ ಬಂದಿತ್ತು, ರಾತ್ರಿ ಕಾಕಾಗ ಫೋನ್ ಮಾಡಿದ್ದೆ: ಸೀಲಿನ ಸುತ್ತ ಆಯಿಲ್ ಪಸೆ ಇತ್ತು. "ಪುಲ್ಲಿ ಬಿಚ್ಚಿದಮ್ಯಾಲೆ ಸೀಲ್ ಬಿಡಬ್ಯಾಡ, ಅದ ಆಯಿಲ್ ರಬ್ಬರ್ ತಿಂದಿರತೈತಿ" ಅಂದ್ರು. ಮರುದಿನ ಸೀಲ್ ತಂದು ಹಾಕಿದೆ, ತುಟಿಗೆ ಹೊಸಾ ಇಂಜಿನ್ ಆಯಿಲ್ ಸವರಿ. ಹೊಸಾ ಪುಲ್ಲಿ ಹಬ್ಬಿನ ಕೊಳವಿ ಉಗರಿಲೆ ಸವರಿ ನೋಡಿದೆ, ಗೀರು ಇಲ್ಲ. ಗೀರು ಇದ್ರ ಹೊಸಾ ಸೀಲೂ ಸೋರತೈತಂತ. ಕೀ ಕೂಡ್ಸಿ ಕೈಲೆ ಒತ್ತಿ, ಹೊಸಾ ಬೋಲ್ಟು, ಕಾಕಾರ ರೆಂಚು, ವೈಟ್ನರ್ ಚುಕ್ಕಿ, ಕಾಲು ಸುತ್ತು ಎಡಕ್ಕ.

ಈಗ ಎಸಿ ಹಚ್ಚಿದ್ರೂ ಕೀಂಯ್ ಇಲ್ಲ. ಸೀಟಿನ ಬುಡದ ನಡುಕ ಭಾಳ ಕಮ್ಮಿ ಆಗೈತಿ, ಪೂರ್ತಿ ಹೋಗಿಲ್ಲ. ಮೌಂಟಿಂಗ್ ಅಂದವ್ರ ಮಾತಿನ್ಯಾಗೂ ಒಂದೀಟು ಖರೆ ಐತಿ ಅನಸತೈತಿ.

ಡಿಪೋ_ಫಿಟ್ಟರ್

ಶಾಬ್ಬಾಸ್. ಬೆಲ್ಟ್ ಹಾಕಿದಮ್ಯಾಲೆ ಇಂಜಿನ್ ಕೈಲೆ ತಿರುವಿ ನೋಡಿದ್ದಿ ಏನು? ಹ್ಯಾಂಗ ತಿರುವಿದಿ?

ಕೆರಿದಂಡಿ_ಉಣಕಲ್

ಐದನೇ ಗೇರಿನ್ಯಾಗ ಹಾಕಿ ಗಾಡಿ ಮುಂದ ನೂಕಿಸಿ ನೋಡಿದ್ವಿ. ಬೋಲ್ಟಿಗೆ ಪಾನಾ ಹಚ್ಚಲಿಲ್ಲ, ಉಲ್ಟಾ ಚೂಡಿ ಅಂದಮ್ಯಾಲೆ ಇಂಜಿನ್ ಸೀದಾ ತಿರುವಿದ್ರ ಬೋಲ್ಟ್ ಬಿಚ್ಚೂ ಕಡೇನ ಎಳದಂಗ ಆಕ್ಕೈತಲ್ರಿ. ಬೆಲ್ಟ್ ಆರೂ ಗೆರ್ಯಾಗ ಕುಂತೈತಿ.

ಡಿಪೋ_ಫಿಟ್ಟರ್

ನೀ ಡಿಪೋದಾಗ ಇರಬೇಕಿತ್ತು.

ಬ್ಯಾಡಗಿ_ಪಿಕಪ್

ಮಾವನ ಗಾಡಿ ನೋಡ್ಸಿದೆ. ಕೆಂಪು ಪುಡಿ ಐತ್ರಿ ಕಾಕಾರ. ಹೊಸಾ ಪುಲ್ಲಿ ತರಾಕ ಹೇಳೀನಿ. ಇವರದು ಸೀದಾ ಚೂಡಿ, ಆದ್ರೂ ಸ್ಟಾರ್ಟರ್ ಹೊಡಿಯಂಗಿಲ್ಲ.

ಡಿಪೋ_ಫಿಟ್ಟರ್

ಕೀ ಮತ್ತ ಕ್ರ್ಯಾಂಕಿನ ಮೂಗು ನೋಡಿ ತರ್ರಿ. ಮೂಗು ತಿಂದಿದ್ರ ಹೊಸಾ ಪುಲ್ಲಿ ನಿಂದ್ರಂಗಿಲ್ಲ.

ಎರಿಹೊಲ_ಗದಗ

ಕಾಕಾರ ನನ್ನ ಟ್ರ್ಯಾಕ್ಟರಿನ ಮಾತು ಹಂಗ ಉಳೀತ್ರಿ. ರಬ್ಬರ್ ಇಲ್ಲ, ಒಂದ ತುಂಡು ಕಬ್ಬಿಣದ ಪುಲ್ಲಿ, ವಿ ಬೆಲ್ಟು. ಬೆಲ್ಟ್ ಬಿಗಿ ಮಾಡಿದ್ರೂ ಒದರತೈತಿ.

ಡಿಪೋ_ಫಿಟ್ಟರ್

ಕಂಪನಿಯಿಂದನ ಒಂದ ತುಂಡು ಬಂದಿದ್ರ ಚಿಂತಿ ಇಲ್ಲ, ಆ ಇಂಜಿನ್ನಿನ ಲೆಕ್ಕ ಹಂಗ ಹಾಕಿರ್ತಾರ. ಬೆಲ್ಟ್ ತಗದು ಪುಲ್ಲಿಯೊಳಗ ಬೆಲ್ಟ್ ಕುಂದ್ರೂ ತಗ್ಗಿನ್ಯಾಗ ಇಣಕು. ವಿ ಬೆಲ್ಟು ಎರಡೂ ಬಾಜೂದ ಗ್ವಾಡಿಗೆ ಹಿಡ್ಕೊಂಡು ಓಡಬೇಕು, ತಳಕ್ಕ ತಾಗಬಾರ್ದು. ತಳ ಕನ್ನಡಿಯಂಗ ಹೊಳೀತಿದ್ರ ಬೆಲ್ಟು ತಳಕ್ಕ ಇಳದೈತಿ. ಎಷ್ಟ ಬಿಗಿ ಮಾಡಿದ್ರೂ ಜಾರತೈತಿ, ಜೊತಿಗೆ ಆಲ್ಟರ್ನೇಟರ್ ಬೇರಿಂಗ್ ತಿಂತೈತಿ.

ಎರಿಹೊಲ_ಗದಗ

ಹೊಳೀತೈತ್ರಿ. ಬಾಜೂದ ಗ್ವಾಡಿಗೆ ಒಂದ್ ಕಡೆ ಮೆಟ್ಟಲ ಬಿದ್ದಂಗೂ ಐತಿ. ಬೆಲ್ಟ್ ಅಷ್ಟ ತರ್ಲೋ, ಪುಲ್ಲೀನೂ ತರ್ಲೋ?

ಡಿಪೋ_ಫಿಟ್ಟರ್

ಎರಡೂ ತಾ. ಸವದ ಪುಲ್ಲಿಗೆ ಹೊಸಾ ಬೆಲ್ಟ್ ಹಾಕಿದ್ರ ಅದೂ ಭಾಳ ದಿನ ಬಾಳಂಗಿಲ್ಲ. ಫ್ಯಾನಿನ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ತಳಾನೂ ನೋಡಿ ಅಂಗಡಿಗೆ ಹೋಗು. ಚೂಡಿ ಯಾವ ಕಡೆ ಅಂತ ಅದಕ್ಕೂ ಮದ್ಲ ನೋಡ್ಕೊ.